ಹೋಗಿ ಬರುತ್ತೇನೆ

ಅಹಮದಾಬಾದಿನ ಹಳೆಯ ಊರಿನಲ್ಲಿ, ಖಾಡಿಯಾದ ದೇಸಾಯಿನೀ ಪೋಳ್ ಎಂಬ ಓಣಿಯೊಳಗೆ ಹನುಮಂತನ ಗುಡಿಯೊಂದಿದೆ. ಊರಿನವರು ಅವನನ್ನು 'ವೀಸಾ ಹನುಮಾನ್' ಎಂದು ಕರೆಯುತ್ತಾರೆ. ಪರದೇಶಕ್ಕೆ ಹೊರಟವರು ತಮ್ಮ ಪಾಸ್‌ಪೋರ್ಟನ್ನು ಅವನ ಮುಂದಿಟ್ಟು ಕೈಮುಗಿದು ಬರುತ್ತಾರೆ. ಮೊದಮೊದಲು ನನಗೆ ಇದು ನಗೆಯ ವಿಷಯವಾಗಿತ್ತು. ಆಮೇಲೆ ಯೋಚಿಸಿದಾಗ, ಈ ಕೆಲಸಕ್ಕೆ ಅವನಿಗಿಂತ ಯೋಗ್ಯನಾದ ದೇವರು ಇನ್ನೊಬ್ಬನಿಲ್ಲ ಎನ್ನಿಸಿತು. ಕಡಲು ದಾಟಿ ಪರರಾಜ್ಯವನ್ನು ಹೊಕ್ಕವನು ಅವನು. ಹೋದ ಕೆಲಸ ಮುಗಿಸಿ, ಹೇಳಿದ ಮಾತಿನಂತೆ ಹಿಂತಿರುಗಿ ಬಂದವನೂ ಅವನೇ. ವೀಸಾ ಕೊಡುವ ಅಧಿಕಾರಿಗಳಿಗೆ ಬೇಕಾದದ್ದು ಈ ಎರಡನೆಯ ಗುಣ.

2024ರ ನವೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಆ ಗುಡಿಗೆ ಹೋಗಿದ್ದೆವು. ಅವಳು ತನ್ನ ಪಾಸ್‌ಪೋರ್ಟನ್ನೂ ನನ್ನದನ್ನೂ ಪಕ್ಕಪಕ್ಕದಲ್ಲಿಟ್ಟಳು. ಎರಡರ ಮೇಲೂ ಸಿಂಹಗಳಿದ್ದವು. ನನ್ನದರ ಮೇಲೆ ಸಾರನಾಥದ ಸಿಂಹಗಳು. ಅವಳದರ ಮೇಲೆ ಗುರಾಣಿಯ ಎರಡು ಬದಿಗೆ ಎದ್ದು ನಿಂತ ಕೀನ್ಯಾದ ಸಿಂಹಗಳು. 34 ವರ್ಷಗಳಿಂದ ಒಂದೇ ಮನೆಯ ಒಂದೇ ಕಪಾಟಿನಲ್ಲಿದ್ದ ಈ ಎರಡು ಪುಸ್ತಕಗಳ ನಡುವೆ ಎಷ್ಟು ಅಂತರವಿದೆ ಎಂಬುದು ನಮಗೆ ತಿಳಿದದ್ದು ಅದಾದ ಮೂರು ವಾರಗಳ ಮೇಲೆ.

ನಾನು ಸಿದ್ದಾಪುರದ ಕಡೆಯವನು. 1984ರಲ್ಲಿ ಜವಳಿ ಎಂಜಿನಿಯರಿಂಗ್ ಓದಲು ವಡೋದರಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯಕ್ಕೆ ಬಂದೆ. ಅವಳು 1986ರಲ್ಲಿ ಅಲ್ಲಿಗೇ ಗೃಹವಿಜ್ಞಾನ ಓದಲು ಕೀನ್ಯಾದ ಕಿಸುಮು ಊರಿನಿಂದ ಬಂದಳು. ಪೂರ್ವ ಆಫ್ರಿಕದಲ್ಲಿ ನೆಲೆಸಿದ ಗುಜರಾತಿ ಮನೆತನಗಳು ಮಕ್ಕಳನ್ನು ಓದಿಗೆಂದು ವಡೋದರಾಕ್ಕೆ ಕಳಿಸುತ್ತಿದ್ದ ಕಾಲ ಅದು. 1990ರಲ್ಲಿ, ವಿಶೇಷ ವಿವಾಹ ಕಾಯ್ದೆ ಹೇಳುವ 30 ದಿನಗಳ ನೋಟಿಸಿನ ಅವಧಿ ಮುಗಿಸಿ, ನಾವು ರಿಜಿಸ್ಟ್ರಾರರ ಕಚೇರಿಯಲ್ಲಿ ಮದುವೆಯಾದೆವು. ಅವಳ ಕನ್ನಡ ನನ್ನ ತಾಯಿಯಿಂದ ಕಲಿತದ್ದು, ಆದ್ದರಿಂದ ನನ್ನ ಕನ್ನಡಕ್ಕಿಂತ ಹೆಚ್ಚು ಊರಿನದು. ಮರಗೆಣಸಿಗೆ ಮಾತ್ರ ಇಂದಿಗೂ ಅವಳು 'ಮೊಗೊ' ಎನ್ನುತ್ತಾಳೆ. ಅದು ಸ್ವಾಹಿಲಿಯಿಂದ ಅವಳ ಮನೆಯ ಗುಜರಾತಿಗೆ ಬಂದು, ಅಲ್ಲಿಂದ ನಮ್ಮ ಅಡಿಗೆಮನೆಯ ಕನ್ನಡಕ್ಕೆ ಇಳಿದ ಮಾತು.

ಕಿಸುಮು ವಿಕ್ಟೋರಿಯಾ ಸರೋವರದ ದಂಡೆಯ ಮೇಲಿನ ಊರು. ಮೊಂಬಾಸಾದ ಬಂದರಿನಿಂದ 1896ರಲ್ಲಿ ಹೊರಟ ರೈಲುಮಾರ್ಗ 1901ರಲ್ಲಿ ಅಲ್ಲಿಗೆ ಮುಟ್ಟಿತು. ಹಳಿ ಹಾಸಿದ ಕೂಲಿಗಳಲ್ಲಿ ಹೆಚ್ಚಿನವರು ಪಂಜಾಬಿನವರು. ಹಳಿಯ ಬದಿಯಲ್ಲಿ ಅಂಗಡಿ ತೆರೆದವರಲ್ಲಿ ಹೆಚ್ಚಿನವರು ಗುಜರಾತಿಗಳು. ಅವಳ ಅಜ್ಜ ಹಾಗೆ ಬಟ್ಟೆಯಂಗಡಿ ತೆರೆದವರಲ್ಲಿ ಒಬ್ಬರು. 1963ರ ಡಿಸೆಂಬರ್ 12ರಂದು ಕೀನ್ಯಾ ಸ್ವತಂತ್ರವಾದಾಗ ಅಲ್ಲಿಯ ಭಾರತೀಯ ಮೂಲದ ಬಹುಮಂದಿಗೆ ಎರಡು ವರ್ಷಗಳ ಗಡುವು ಸಿಕ್ಕಿತು: ಕೀನ್ಯಾದ ಪೌರರಾಗಿ ನೋಂದಾಯಿಸಿಕೊಳ್ಳಬಹುದು, ಇಲ್ಲವೇ ಬ್ರಿಟಿಷ್ ಪಾಸ್‌ಪೋರ್ಟನ್ನೇ ಉಳಿಸಿಕೊಳ್ಳಬಹುದು. ಅವಳ ದೊಡ್ಡಪ್ಪ ಬ್ರಿಟಿಷ್ ಪಾಸ್‌ಪೋರ್ಟನ್ನು ಉಳಿಸಿಕೊಂಡರು. ತಂದೆ ಕೀನ್ಯಾದ ಪೌರರಾದರು. ಪೌರರಲ್ಲದವರ ವ್ಯಾಪಾರಕ್ಕೆ ಅಲ್ಲಿ ನಿರ್ಬಂಧ ಬಂದಾಗ ದೊಡ್ಡಪ್ಪ ಅಂಗಡಿ ಮಾರಿ ಲೆಸ್ಟರಿಗೆ ಹೊರಟುಹೋದರು. 1968ರ ಮಾರ್ಚಿನಲ್ಲಿ ಬ್ರಿಟನ್ ಕಾನೂನು ಮಾಡಿ, ತನ್ನದೇ ಪಾಸ್‌ಪೋರ್ಟ್ ಹಿಡಿದ ಇಂಥವರ ಪ್ರವೇಶಕ್ಕೂ ಮಿತಿ ಹಾಕಿತು. ಅಣ್ಣತಮ್ಮಂದಿರು ಅನಂತರ ಒಂದೇ ಊರಿನಲ್ಲಿ ಬದುಕಲಿಲ್ಲ. ನನ್ನ ಹೆಂಡತಿಯ ಕೈಯಲ್ಲಿರುವ ಪಾಸ್‌ಪೋರ್ಟು ಆ ದಿನಗಳ ತೀರ್ಮಾನದ ಫಲ. ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣ ಮುಂದೆ ತಿಳಿಯುತ್ತದೆ.

ನಮ್ಮ ಒಬ್ಬಳೇ ಮಗಳು ಅಹಮದಾಬಾದಿನಲ್ಲಿ ಹುಟ್ಟಿದವಳು, ಭಾರತದ ಪ್ರಜೆ. 2021ರಿಂದ ಗಂಡನೊಂದಿಗೆ ಯುರೋಪಿನಲ್ಲಿದ್ದಾಳೆ. ಯಾವ ದೇಶವೆಂದು ಬೇಕೆಂದೇ ಬರೆದಿಲ್ಲ. ನಾನು ಹೇಳಹೊರಟ ನಿಯಮ ಶೆಂಗೆನ್ ವಲಯದ 29 ದೇಶಗಳಿಗೂ ಒಂದೇ. ಅದರಲ್ಲಿ ಯಾವುದೊಂದು ಕಚೇರಿಯ ದೋಷವೂ ಇಲ್ಲ. ಶೆಂಗೆನ್ ಎಂಬುದು ಲಕ್ಸೆಂಬರ್ಗ್ ದೇಶದಲ್ಲಿ ಮೊಸೆಲ್ ನದಿಯ ದಡದ ಒಂದು ಪುಟ್ಟ ಹಳ್ಳಿ. 1985ರ ಜೂನ್ 14ರಂದು ಐದು ದೇಶಗಳ ಪ್ರತಿನಿಧಿಗಳು ಅಲ್ಲಿ ಹಡಗೊಂದರ ಮೇಲೆ ಸೇರಿ, ತಮ್ಮತಮ್ಮ ನಡುವಿನ ಗಡಿ ತಪಾಸಣೆಯನ್ನು ಕ್ರಮೇಣ ತೆಗೆದುಹಾಕುವ ಒಪ್ಪಂದಕ್ಕೆ ಸಹಿ ಹಾಕಿದರು. ಒಳಗಿನ ಬಾಗಿಲುಗಳನ್ನು ಕಿತ್ತ ಮನೆಗೆ ಹೊರಬಾಗಿಲು ಭದ್ರವಾಗಿರಬೇಕಷ್ಟೆ. ನಾವು 'ಯುರೋಪಿನ ಪ್ರವಾಸಿ ವೀಸಾ' ಎಂದು ಕರೆಯುವುದು ಆ ಹೊರಬಾಗಿಲಿನ ಚೀಟಿ.

2022ರಲ್ಲಿ ಒಮ್ಮೆ, 2023ರಲ್ಲಿ ಒಮ್ಮೆ ನಾವಿಬ್ಬರೂ ಮಗಳ ಮನೆಗೆ ಹೋಗಿ ಬಂದೆವು. ಪ್ರತಿ ಸಲವೂ ಅದೇ ಕಾಗದಗಳು: ಬ್ಯಾಂಕಿನ ಲೆಕ್ಕ, ಆದಾಯ ತೆರಿಗೆಯ ವಿವರ, 30,000 ಯುರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ, ಮಗಳ ಆಹ್ವಾನಪತ್ರ, ಹೋಗಿಬರುವ ವಿಮಾನದ ಕಾಯ್ದಿರಿಸುವಿಕೆ. ಹೆಂಡತಿಯ ಕಡತದಲ್ಲಿ ಇವಲ್ಲದೆ ಇನ್ನೂ ಎರಡು. ಭಾರತದಲ್ಲಿ ನೆಲೆಸಿದ್ದಾಳೆಂದು ತೋರಿಸುವ ಸಾಗರೋತ್ತರ ಭಾರತೀಯ ಪೌರರ ಕಾರ್ಡು, ಅಂದರೆ ಎಲ್ಲರೂ ಓಸಿಐ ಎನ್ನುವ ಕಾರ್ಡು, ಒಂದು. ಮದುವೆಯ ಪ್ರಮಾಣಪತ್ರ ಇನ್ನೊಂದು. ಆ ಪ್ರಮಾಣಪತ್ರದಲ್ಲಿ ಅವಳ ಹೆಸರಿನ ನಡುವೆ ತಂದೆಯ ಹೆಸರಿದೆ, ಪಾಸ್‌ಪೋರ್ಟಿನಲ್ಲಿ ಇಲ್ಲ. ನನ್ನ ಹೆಸರಿನ ಹಿಂದಿನ ಎರಡು ಅಕ್ಷರಗಳು ಪಾಸ್‌ಪೋರ್ಟಿನಲ್ಲಿ ಊರು ಮತ್ತು ತಂದೆಯ ಹೆಸರುಗಳಾಗಿ ಬಿಡಿಸಿಕೊಂಡಿವೆ, ಪ್ರಮಾಣಪತ್ರದಲ್ಲಿ ಅಕ್ಷರಗಳಾಗಿಯೇ ಉಳಿದಿವೆ. ಹೊರನಾಡಿನ ಕನ್ನಡಿಗರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ. ನಾಲ್ಕು ಹೆಸರುಗಳಿಂದ ಇಬ್ಬರೇ ಮನುಷ್ಯರು ಆಗುತ್ತಾರೆಂದು ನೋಟರಿಯ ಮುಂದೆ ಪ್ರಮಾಣ ಮಾಡಿ, ಗುಜರಾತಿಯ ಪತ್ರವನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ ಕೊಟ್ಟೆವು. ಎರಡು ಸಲವೂ ಇಬ್ಬರಿಗೂ ಏಕಪ್ರವೇಶದ ವೀಸಾ ಬಂತು. ಕೇಳಿದಷ್ಟು ದಿನ ಸಿಕ್ಕಿತು. ಇಬ್ಬರಿಗೂ ಸಮಾನವಾಗಿದ್ದುದರಿಂದ ನಮಗೆ ಯಾವ ಭೇದವೂ ಕಾಣಲಿಲ್ಲ.

2024ರ ಏಪ್ರಿಲಿನಲ್ಲಿ ಯುರೋಪಿಯನ್ ಆಯೋಗ ಭಾರತೀಯರಿಗಾಗಿ ಹೊಸ ನಿಯಮವೊಂದನ್ನು ತಂದಿತು. ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾ ಪಡೆದು, ಅವನ್ನು ನಿಯಮಬದ್ಧವಾಗಿ ಬಳಸಿದವರಿಗೆ ಎರಡು ವರ್ಷಗಳ ಬಹುಪ್ರವೇಶದ ವೀಸಾ. ಅದಾದ ಮೇಲೆ, ಪಾಸ್‌ಪೋರ್ಟಿಗೆ ಸಾಕಷ್ಟು ಅವಧಿ ಉಳಿದಿದ್ದರೆ, ಸಾಮಾನ್ಯವಾಗಿ ಐದು ವರ್ಷಗಳದು. ಈ ಏರ್ಪಾಟಿಗೆ ಅವರಿಟ್ಟ ಹೆಸರು ಕ್ಯಾಸ್ಕೇಡ್, ಎಂದರೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಜಲಪಾತ. ಜೋಗಕ್ಕೆ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದ ನನಗೆ ಜಲಪಾತವೆಂದರೆ ಮೇಲಿನಿಂದ ಕೆಳಕ್ಕೆ ಬೀಳುವುದು. ಇದನ್ನೋ ಕೆಳಗಿನಿಂದ ಮೇಲಕ್ಕೆ ಹತ್ತಬೇಕು.

ಸುದ್ದಿ ಬಂದ ದಿನ ಅಹಮದಾಬಾದಿನ ಚಹಾದ ಕಿಟಲಿಗಳ ಮುಂದೆಯೂ ಅದೇ ಮಾತು. ಎರಡು ವರ್ಷದ ವೀಸಾ ಎಂದರೆ ಎರಡು ವರ್ಷ ಅಲ್ಲೇ ಇರಬಹುದು ಎಂದು ಬಹಳ ಜನ ತಿಳಿದಿದ್ದರು. ಹಾಗಲ್ಲ. ವೀಸಾದ ಆಯುಷ್ಯ ಎಷ್ಟೇ ಇರಲಿ, ಯಾವುದೇ 180 ದಿನಗಳ ಅವಧಿಯಲ್ಲಿ ಅಲ್ಲಿ ಇರಬಹುದಾದದ್ದು 90 ದಿನ ಮಾತ್ರ. ದೀರ್ಘಾವಧಿಯ ವೀಸಾ ಕೊಡುವುದು ಹೆಚ್ಚು ದಿನಗಳನ್ನಲ್ಲ. ಮತ್ತೆ ಮತ್ತೆ ಕೇಳದೆ ಹೋಗುವ ಸ್ವಾತಂತ್ರ್ಯವನ್ನು. ಆ ಸ್ವಾತಂತ್ರ್ಯದ ಬೆಲೆ ಏನೆಂದು ಆಗ ನನಗೂ ಗೊತ್ತಿರಲಿಲ್ಲ.

ನವೆಂಬರಿನಲ್ಲಿ ಒಟ್ಟಿಗೆ ಅರ್ಜಿ ಕೊಟ್ಟೆವು. ಶುಲ್ಕ ಆ ಜೂನಿನಿಂದ 80 ಯುರೋದಿಂದ 90ಕ್ಕೆ ಏರಿತ್ತು. ಇಬ್ಬರೂ ಒಂದೇ ಶುಲ್ಕ ಕಟ್ಟಿದೆವು, ಒಂದೇ ಕಡತದ ಪ್ರತಿಗಳನ್ನಿಟ್ಟೆವು. ಮೂರು ವಾರದ ಮೇಲೆ ಲಕೋಟೆಗಳು ಬಂದವು. ವೀಸಾ ಚೀಟಿಯ ಮೇಲೆ ಪ್ರವೇಶಗಳ ಸಂಖ್ಯೆ ಎಂಬ ಒಂದು ಸಣ್ಣ ಖಾನೆಯಿರುತ್ತದೆ. ನನ್ನದರಲ್ಲಿ 'ಮಲ್ಟ್' ಎಂದಿತ್ತು, ಅವಧಿ ಎರಡು ವರ್ಷ. ಅವಳದರಲ್ಲಿ '01' ಎಂದಿತ್ತು, ಕೇಳಿದ ಪ್ರವಾಸದ ದಿನಗಳು ಮಾತ್ರ.

ಅವಳು ಚೀಟಿಯನ್ನು ನೋಡಿ, "ನೀವು ನನಗಿಂತ ದೊಡ್ಡವರಾದಿರಿ" ಎಂದು ನಕ್ಕಳು. ನಾನು ಕೆರಳಿ ನಿಯಮಗಳನ್ನು ಹುಡುಕಿ ಓದಿದೆ. ಓದಿದಷ್ಟೂ ಸಿಟ್ಟಿಗೆ ಆಧಾರ ಸಿಗಲಿಲ್ಲ. ಹೊಸ ನಿಯಮ ಭಾರತದಲ್ಲಿ ನೆಲೆಸಿರುವ ಭಾರತೀಯ ಪ್ರಜೆಗಳಿಗೆ. ಭಾರತದಲ್ಲಿ ನೆಲೆಸಿರುವುದು ಅವಳಿಗೆ ಹೌದು, ಪ್ರಜೆ ಅಲ್ಲ. ಅವಳಿಗೆ ಅನ್ವಯಿಸುವುದು ವೀಸಾ ಸಂಹಿತೆಯ 24ನೆಯ ವಿಧಿಯ ಸಾಮಾನ್ಯ ಮೆಟ್ಟಿಲುಗಳು: ಹಿಂದಿನ ಎರಡು ವರ್ಷಗಳಲ್ಲಿ ಮೂರು ವೀಸಾ ಬಳಸಿದ್ದರೆ ಒಂದು ವರ್ಷದ ಬಹುಪ್ರವೇಶ, ಅದನ್ನು ಸರಿಯಾಗಿ ಬಳಸಿದರೆ ಎರಡು ವರ್ಷದ್ದು, ಅದರ ಮೇಲೆ ಐದು ವರ್ಷದ್ದು. ವರ್ಷಕ್ಕೊಮ್ಮೆ ಮಗಳನ್ನು ನೋಡಲು ಹೋಗುವ ತಾಯಿ ಎರಡು ವರ್ಷದಲ್ಲಿ ಮೂರು ವೀಸಾಗಳ ಲೆಕ್ಕವನ್ನು ಹೇಗೆ ತುಂಬಬೇಕು? ಮೊದಲ ಮೆಟ್ಟಿಲೇ ಅವಳ ಕಾಲಿಗೆ ಎಟುಕುವಂತಿರಲಿಲ್ಲ. ನಿಯಮ ನೋಡುವುದು ಪಾಸ್‌ಪೋರ್ಟನ್ನು, ಮನೆಯನ್ನಲ್ಲ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಓದುಗರಲ್ಲಿ ಯಾರಿಗಾದರೂ ಉಪಯೋಗವಾದೀತು. ಗಂಡಹೆಂಡಿರಲ್ಲಿ ಒಬ್ಬರು ಯುರೋಪ್ ಒಕ್ಕೂಟದ ಪ್ರಜೆಯಾಗಿದ್ದು, ಇಬ್ಬರೂ ಸೇರಿ ಆ ಪ್ರಜೆಯ ಸ್ವಂತ ದೇಶವಲ್ಲದ ಇನ್ನೊಂದು ಒಕ್ಕೂಟದ ದೇಶಕ್ಕೆ ಹೋಗುವುದಾದರೆ ದಾರಿ ಬೇರೆ. 2004ರ ನಿರ್ದೇಶನವೊಂದರಂತೆ ಅಲ್ಲಿ ಸಂಗಾತಿಯ ವೀಸಾಕ್ಕೆ ಶುಲ್ಕವಿಲ್ಲ, ಅರ್ಜಿಯನ್ನು ಬೇಗನೆ ತೀರ್ಮಾನಿಸಬೇಕು. ಅಲ್ಲಿ ಮದುವೆಗೆ ಬೆಲೆಯಿದೆ. ನಮ್ಮಂತೆ ಇಬ್ಬರೂ ಹೊರಗಿನವರಾದರೆ ಒಬ್ಬರ ವೀಸಾ ಇನ್ನೊಬ್ಬರಿಗೆ ನೆರವಾಗುವುದಿಲ್ಲ.

ಡಿಸೆಂಬರ್ 20ರಂದು ಹೋಗಿ ಜನವರಿ 26ರಂದು ಹಿಂತಿರುಗಿದೆವು. ಮಗಳು ಬಸುರಿಯಾಗಿದ್ದಳು. ಅವಳ ವೀಸಾ ಅಲ್ಲಿಗೆ ತೀರಿತು, ನನ್ನದು ಉಳಿಯಿತು.

2025ರ ಮಾರ್ಚಿನ ಒಂದು ರಾತ್ರಿ ಅಳಿಯನ ಫೋನು ಬಂತು. ಮಗಳಿಗೆ ಬಸಿರು ಇಳಿದಿತ್ತು. ರಕ್ತಸ್ರಾವ ನಿಲ್ಲದೆ ಶಸ್ತ್ರಚಿಕಿತ್ಸೆ ಆಗಿತ್ತು. ಜೀವಕ್ಕೆ ಅಪಾಯವಿಲ್ಲ ಎಂದು ಅಳಿಯ ಮೂರು ಸಲ ಹೇಳಿದ. ಮೂರು ಸಲ ಹೇಳಿದ್ದರಿಂದಲೇ ನಮಗೆ ಹೆದರಿಕೆಯಾಯಿತು. ಹೆಂಡತಿ ಎದ್ದು ಕಪಾಟಿನಿಂದ ಕೈಚೀಲ ತೆಗೆದಳು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮಂಚದ ಮೇಲೆ ಕುಳಿತಳು. ಆಮೇಲೆ ಅದನ್ನು ನನ್ನ ಕಡೆಗೆ ಸರಿಸಿದಳು.

ಅರ್ಜಿಯ ತೀರ್ಮಾನಕ್ಕೆ ನಿಯಮದಲ್ಲೇ 15 ದಿನಗಳ ಕಾಲಾವಕಾಶವಿದೆ. ಅರ್ಜಿ ಸಲ್ಲಿಸುವ ಸಮಯ ಗೊತ್ತಾಗಲು ಎಷ್ಟು ದಿನವೋ. ನಾನು ಬೆರಳು ಮಡಿಸಿ ಎಣಿಸಿದೆ: 90ರಲ್ಲಿ 38 ದಿನ ಮುಗಿದಿತ್ತು, 52 ಉಳಿದಿತ್ತು. ಎರಡನೆಯ ದಿನ ಬೆಳಗಿನ ಜಾವ ಅಹಮದಾಬಾದಿನಿಂದ ಹೊರಟೆ. ತಾಯಿ ಹೋಗಬೇಕಾದ ಜಾಗಕ್ಕೆ ತಂದೆ ಹೊರಟಿದ್ದೆ. ನನ್ನ ಚೀಲದಲ್ಲಿ ಅವಳು ಕಟ್ಟಿಕೊಟ್ಟ ಒಣಶುಂಠಿ, ಮೆಂತ್ಯ, ಅಂಟು, ಕಾಳುಮೆಣಸು ಇದ್ದವು. ಅವನ್ನು ಏನು ಮಾಡಬೇಕೆಂಬುದು ನನಗೆ ಗೊತ್ತಿರಲಿಲ್ಲ.

29 ದಿನ ಅಲ್ಲಿದ್ದೆ. ಬೆಳಗ್ಗೆ ಫೋನನ್ನು ಒಲೆಯ ಪಕ್ಕದ ಡಬ್ಬಿಗೆ ಒರಗಿಸಿಟ್ಟು ನಿಲ್ಲುತ್ತಿದ್ದೆ. ಅಹಮದಾಬಾದಿನಿಂದ ಅವಳು ಹೇಳುತ್ತಿದ್ದಳು, ನಾನು ಗಂಜಿ ಕುದಿಸುತ್ತಿದ್ದೆ, ತಿಳಿಸಾರು ಮಾಡುತ್ತಿದ್ದೆ. ಒಗ್ಗರಣೆ ಹೊತ್ತಿದರೆ ಅಷ್ಟು ದೂರದಿಂದಲೇ ಶಬ್ದದಿಂದ ತಿಳಿದು, "ಇಳಿಸಿ, ಇಳಿಸಿ" ಎನ್ನುತ್ತಿದ್ದಳು. ಮಗಳು ಒಂದೇ ಒಂದು ಸಲ ಕೇಳಿದಳು, "ಅಪ್ಪಾ, ಅಮ್ಮನಿಗೆ ಬರಲಿಕ್ಕೇ ಆಗುವುದಿಲ್ಲವೇ?" ನಾನು ನಿಯಮವನ್ನು ವಿವರಿಸತೊಡಗಿದೆ. ಅವಳು ಗೋಡೆಯ ಕಡೆಗೆ ಹೊರಳಿ ಮಲಗಿದಳು.

ಊರಿಗೆ ಬಂದ ಮೇಲೆ ನಾನು ಒಂದು ಮಾತು ಎತ್ತಿದೆ, ಎತ್ತಬಾರದಿತ್ತು. ಭಾರತೀಯರನ್ನು ಮದುವೆಯಾಗಿ ಏಳು ವರ್ಷ ಇಲ್ಲಿ ನೆಲೆಸಿದವರು ನೋಂದಣಿಯ ಮೂಲಕ ಪೌರತ್ವ ಕೇಳಬಹುದು. ನೀನು 34 ವರ್ಷದಿಂದ ಇದ್ದೀಯೆ, ಈ ದೇಶದವಳೇ ಆಗಿಬಿಡು, ಎರಡು ಪ್ರವಾಸಗಳಲ್ಲಿ ನನ್ನ ಮೆಟ್ಟಿಲಿಗೇ ಬರುತ್ತೀ ಎಂದೆ. ಲಾಭಗಳನ್ನು ಪಟ್ಟಿಮಾಡಿದೆ. ಓಸಿಐ ಕಾರ್ಡು ಪೌರತ್ವವಲ್ಲ. ಮತ ಹಾಕುವಂತಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ. ಊರಿನ ಅಡಿಕೆ ತೋಟದ ಪಕ್ಕದ ತುಂಡನ್ನು ಅವಳ ಹೆಸರಿನಲ್ಲಿ ಕೊಳ್ಳಬೇಕೆಂದಿದ್ದಾಗ ಆಗಿರಲಿಲ್ಲ, ಅದನ್ನೂ ನೆನಪಿಸಿದೆ.

ಅವಳು ಸುಮ್ಮನೆ ಕೇಳಿಸಿಕೊಂಡಳು. ಕೀನ್ಯಾದ 2010ರ ಸಂವಿಧಾನ ಹುಟ್ಟಿನಿಂದ ಪೌರರಾದವರಿಗೆ ಇನ್ನೊಂದು ದೇಶದ ಪೌರತ್ವವನ್ನೂ ಹೊಂದಲು ಬಿಡುತ್ತದೆ. ಭಾರತ ಬಿಡುವುದಿಲ್ಲ, ಇಲ್ಲಿ ಒಂದನ್ನು ಪಡೆಯಲು ಇನ್ನೊಂದನ್ನು ತ್ಯಜಿಸಬೇಕು. ಕೊನೆಗೆ ಅವಳೆಂದಳು: "ಅಪ್ಪ ಆ ಪುಸ್ತಕಕ್ಕಾಗಿ ಅಣ್ಣನನ್ನೇ ಬಿಟ್ಟರು. ನಾನು ಒಂದು ಚೀಟಿಗಾಗಿ ಅದನ್ನು ಬಿಡಲೇ? ದೇಶದ ಮೇಲಿನ ಪ್ರೀತಿಯಿಂದ ಬಿಡು ಎಂದು ನೀವು ಕೇಳಿದ್ದರೆ ಯೋಚಿಸುತ್ತಿದ್ದೆ. ಸಾಲು ಚಿಕ್ಕದಾಗುತ್ತದೆ ಎಂದು ಬಿಡುವುದಿಲ್ಲ." ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಆ 24ನೆಯ ವಿಧಿಯಲ್ಲಿಯೇ. ಮೆಟ್ಟಿಲುಗಳ ಲೆಕ್ಕದ ಕೆಳಗೆ ಇನ್ನೊಂದು ಅಂಶವಿದೆ. ಪದೇ ಪದೇ ಹೋಗಬೇಕಾದ ಅಗತ್ಯವನ್ನು ಅಥವಾ ಉದ್ದೇಶವನ್ನು ಸಮರ್ಥಿಸುವ, ತನ್ನ ವಿಶ್ವಾಸಾರ್ಹತೆಯನ್ನು ತೋರಿಸಬಲ್ಲ ಅರ್ಜಿದಾರರಿಗೆ ಐದು ವರ್ಷಗಳವರೆಗಿನ ಬಹುಪ್ರವೇಶ ವೀಸಾವನ್ನು ಕೊಡಲು ಅವಕಾಶವಿದೆ. ಹಿಂದಿನ ವೀಸಾಗಳನ್ನು ಸರಿಯಾಗಿ ಬಳಸಿದ್ದಾರೆಯೇ, ನೆಲೆಸಿದಲ್ಲಿ ಆರ್ಥಿಕ ಸ್ಥಿತಿ ಹೇಗಿದೆ, ಅವಧಿ ಮುಗಿಯುವ ಮೊದಲು ಹಿಂತಿರುಗುವ ಮನಸ್ಸು ನಿಜವೇ ಎಂದು ಅವರು ನೋಡುತ್ತಾರೆ. ಹೀಗೆ ಕೊಡಲೇಬೇಕೆಂದಿಲ್ಲ. ಆದರೆ ಕೇಳದವರಿಗೆ ಕೊಡುವ ಸಂಭವ ಇನ್ನೂ ಕಡಿಮೆ. ಹಿಂದಿನ ಮೂರು ಅರ್ಜಿಗಳಲ್ಲೂ ನಾವು 'ಏಕಪ್ರವೇಶ' ಎಂಬಲ್ಲಿಯೇ ಗುರುತು ಹಾಕಿದ್ದೆವು. ಹೆಚ್ಚು ಕೇಳಿದರೆ ಇದ್ದದ್ದೂ ಹೋದೀತೆಂಬ ಭಯ. ನನಗೆ ನಿಯಮವೇ ತಾನಾಗಿ ಕೊಟ್ಟಿತ್ತು. ಅವಳಿಗೆ ಕೇಳಬೇಕಾಗಿತ್ತು.

ಮೊದಲು ಅವಳ ಪಾಸ್‌ಪೋರ್ಟನ್ನು ನವೀಕರಿಸಿದೆವು. ವೀಸಾದ ಆಯುಷ್ಯ ಪಾಸ್‌ಪೋರ್ಟಿನ ಆಯುಷ್ಯವನ್ನು ಮೀರುವಂತಿಲ್ಲ. ಮುಗಿಯಲು ಬಂದ ಪಾಸ್‌ಪೋರ್ಟಿನಲ್ಲಿ ದೀರ್ಘಾವಧಿಯನ್ನು ಕೇಳುವುದು ಹರಿದ ಚೀಲಕ್ಕೆ ಅಕ್ಕಿ ಕೇಳಿದಂತೆ. ದಿಲ್ಲಿಯ ಕೀನ್ಯಾ ಹೈಕಮಿಷನ್ನಿಗೆ ಹೋಗಿ ಬಂದೆವು. ಆಮೇಲೆ ಮನವಿಪತ್ರ ಬರೆಯಲು ನಾನು ಕುಳಿತೆ. ನಿಶ್ಚಿತ ಠೇವಣಿ, ಮನೆಯ ಕಾಗದ, ನನ್ನ ಪಿಂಚಣಿ, 24ನೆಯ ವಿಧಿಯ ಉಪವಿಧಿಗಳು ಎಲ್ಲ ಸೇರಿ ಮೂರು ಪುಟವಾಯಿತು. ಓದಿ ಹೇಳಿದೆ. "ಇದರಲ್ಲಿ ನಾನು ಎಲ್ಲಿದ್ದೇನೆ?" ಎಂದು ಕೇಳಿದಳು.

ಆ ಸಂಜೆ ಅವಳು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯನ್ನು ಇಳಿಸಿದಳು. ಅದರಲ್ಲಿ ಅವಳ ಅವಧಿ ಮುಗಿದ ಪಾಸ್‌ಪೋರ್ಟುಗಳೆಲ್ಲ ಇದ್ದವು, ವಡೋದರಾಕ್ಕೆ ಬಂದ ಮೊದಲ ಪಾಸ್‌ಪೋರ್ಟಿನಿಂದ ಹಿಡಿದು. ಒಂದೊಂದೇ ಪುಟ ತಿರುವಿ, ಮುದ್ರೆಗಳನ್ನು ದೀಪದ ಬೆಳಕಿಗೆ ಹಿಡಿದು ಓದಿ, ರೂಲು ಹಾಕಿದ ಕಾಗದದ ಮೇಲೆ ಎರಡು ಕಲಮುಗಳಲ್ಲಿ ಬರೆಯತೊಡಗಿದಳು: ಭಾರತದಿಂದ ಹೊರಟ ದಿನ, ಭಾರತಕ್ಕೆ ಹಿಂತಿರುಗಿದ ದಿನ. ಮದುವೆಯಾದಂದಿನಿಂದ 14 ಸಲ ಹೊರಟಿದ್ದಳು, 14 ಸಲ ಹಿಂತಿರುಗಿದ್ದಳು. ತಮ್ಮನ ಮದುವೆಗೆ 22 ದಿನ. ತಂದೆ ತೀರಿಕೊಂಡಾಗ 15 ದಿನ. ತಾಯಿಯ ಕಾಯಿಲೆಗೆ ಒಂದೇ ವರ್ಷದಲ್ಲಿ ಎರಡು ಸಲ. ಮಗಳಲ್ಲಿಗೆ ಮೂರು ಸಲ. ಅವಳು ಬರೆಯುತ್ತ ಹೋದಂತೆ ನಾನು ಪಕ್ಕದಲ್ಲಿ ಕುಳಿತು ದಿನಗಳನ್ನು ಎಣಿಸಿ ಹೇಳುತ್ತಿದ್ದೆ. ಎರಡನೆಯ ಸಾಲಿಗೆ ಬಂದಾಗ ನನ್ನ ಎಣಿಕೆ ನಿಂತಿತು.

1992ರ ಆಗಸ್ಟಿನಲ್ಲಿ ಹೊರಟಿದ್ದಳು. ಹಿಂತಿರುಗಿದ್ದು 1993ರ ಮಾರ್ಚಿನಲ್ಲಿ. ಅಹಮದಾಬಾದಿನ ಬಟ್ಟೆ ಗಿರಣಿಗಳು ಒಂದರ ಹಿಂದೊಂದು ಮುಚ್ಚುತ್ತಿದ್ದ ಕಾಲ ಅದು. ನನ್ನ ಗಿರಣಿಯೂ ಮುಚ್ಚಿತ್ತು. ಕೆಲಸವಿಲ್ಲದ ಸಿಟ್ಟನ್ನು ನಾನು ಮನೆಯೊಳಗೆ ತೋರಿಸುತ್ತಿದ್ದೆ. ಅವಳು ಕಿಸುಮುವಿಗೆ ಹೊರಟಾಗ ಬಾಗಿಲಲ್ಲಿ ನಿಂತು, ನನ್ನ ತಾಯಿ ಕಲಿಸಿದಂತೆ, "ಹೋಗಿ ಬರುತ್ತೇನೆ" ಎಂದಿದ್ದಳು. ನಮ್ಮಲ್ಲಿ ಯಾರೂ 'ಹೋಗುತ್ತೇನೆ' ಎನ್ನುವುದಿಲ್ಲ; ಅಶುಭವೆಂದು ಬಾಯಿ ತಾನಾಗಿ ತಿದ್ದಿಕೊಳ್ಳುತ್ತದೆ. ಗುಜರಾತಿಗಳೂ ಬೀಳ್ಕೊಡುವಾಗ 'ಆವ್‌ಜೋ', ಬನ್ನಿ, ಎನ್ನುತ್ತಾರೆ. ಹಾಗಾಗಿ ಅದನ್ನು ನಾನು ಬರಿಯ ವಾಡಿಕೆಯ ಮಾತೆಂದು ಎಣಿಸಿದೆ. ಆ ಏಳು ತಿಂಗಳು, ಇವಳು ಬರುವುದಿಲ್ಲ ಎಂದೇ ತಿಳಿದು ಬದುಕಿದೆ. ಪತ್ರಗಳಲ್ಲಿ ಕೇಳುವ ಧೈರ್ಯವಾಗಲಿಲ್ಲ. ಬಂದ ಮೇಲೆ ಕೇಳುವ ಅಗತ್ಯ ಕಾಣಲಿಲ್ಲ. ಮರುವರ್ಷ ಮಗಳು ಹುಟ್ಟಿದಳು. ನನಗೆ ಬೇರೆ ಕೆಲಸ ಸಿಕ್ಕಿತು. ಮಾತು ಹಾಗೆಯೇ ಉಳಿಯಿತು.

ವೀಸಾ ಅಧಿಕಾರಿ ಕೇಳುವ ಪ್ರಶ್ನೆ ಒಂದೇ: ಇವಳು ಹಿಂತಿರುಗಿ ಬರುತ್ತಾಳೆಂಬುದಕ್ಕೆ ಏನು ಆಧಾರ? ಆ ಪ್ರಶ್ನೆಗೆ ನಾನು ವರ್ಷವಿಡೀ ಕೆರಳಿದ್ದೆ. ಮೊದಲು ಅದನ್ನು ಮನಸ್ಸಿನಲ್ಲಿ ಕೇಳಿದವನು ನಾನೇ ಎಂಬುದು ಆ ಎರಡನೆಯ ಸಾಲನ್ನು ನೋಡುವವರೆಗೆ ನೆನಪಿರಲಿಲ್ಲ.

"ಆಗ ಯಾಕೆ ಹಿಂತಿರುಗಿ ಬಂದೆ?" ಎಂದು ಕೇಳಿದೆ. 32 ವರ್ಷ ತಡವಾಗಿ.

ಅವಳು ಕನ್ನಡಕ ತೆಗೆದು ನನ್ನನ್ನು ನೋಡಿದಳು. "ಹೋಗಿಬರುವ ಟಿಕೆಟನ್ನೇ ತೆಗೆದಿದ್ದೆನಲ್ಲ" ಎಂದಳು. "ವರ್ಷದ ಅವಧಿಯದು. ಅಮ್ಮನ ಹತ್ತಿರ ಸ್ವಲ್ಪ ದಿನ ಇರಬೇಕಿತ್ತು, ಇದ್ದೆ. ನೀವು ಟಿಕೆಟು ನೋಡಲೂ ಇಲ್ಲ, ಕೇಳಲೂ ಇಲ್ಲ." ಮತ್ತೆ ಕನ್ನಡಕ ಹಾಕಿಕೊಂಡು ಮೂರನೆಯ ಸಾಲಿಗೆ ಹೋದಳು.

ಪತ್ರವನ್ನು ಅವಳೇ ಬರೆದಳು, ಅರ್ಧ ಪುಟ. ಮಗಳು ಎಲ್ಲಿದ್ದಾಳೆ, ಮಾರ್ಚಿನಲ್ಲಿ ಏನಾಯಿತು, ಆಗ ತಾನು ಯಾಕೆ ಹೋಗಲಾಗಲಿಲ್ಲ, ವರ್ಷಕ್ಕೆ ಎರಡು ಸಲವಾದರೂ ಹೋಗಬೇಕಾದ ಕಾರಣವೇನು ಎಂದು ನೇರವಾಗಿ ಹೇಳಿದಳು. 14 ಸಾಲುಗಳ ಪಟ್ಟಿಯನ್ನೂ ಪಾಸ್‌ಪೋರ್ಟ್ ಪುಟಗಳ ನೆರಳಚ್ಚನ್ನೂ ಲಗತ್ತಿಸಿದಳು. ಆಸ್ಪತ್ರೆಯ ಪತ್ರವನ್ನು ಮಗಳು ಕಳಿಸಿದಳು. ನನ್ನ ಮೂರು ಪುಟಗಳಿಂದ ಠೇವಣಿಯ ಒಂದು ಸಾಲನ್ನು ಮಾತ್ರ ತೆಗೆದುಕೊಂಡಳು. ಅರ್ಜಿಯಲ್ಲಿ 'ಬಹುಪ್ರವೇಶ' ಎಂಬಲ್ಲಿ ಗುರುತು ಹಾಕುವಾಗ ಅವಳ ಕೈ ನಡುಗಲಿಲ್ಲ, ನನ್ನದು ನಡುಗುತ್ತಿತ್ತು. ಈ ಸಲ ವೀಸಾ ಹನುಮಂತನಲ್ಲಿಗೆ ಹೋಗೋಣವೇ ಎಂದು ಕೇಳಿದೆ. "ಅವನಿಗೆ ಹೋದ ವರ್ಷವೇ ಹೇಳಿದ್ದೇವೆ" ಎಂದಳು.

2025ರ ಸೆಪ್ಟೆಂಬರಿನಲ್ಲಿ ಲಕೋಟೆ ಬಂತು. ಸಣ್ಣ ಖಾನೆಯಲ್ಲಿ 'ಮಲ್ಟ್' ಎಂದಿತ್ತು, ಅವಧಿ ಒಂದು ವರ್ಷ. ಐದು ವರ್ಷದ್ದಲ್ಲ, ನನ್ನದರಂತೆ ಎರಡು ವರ್ಷದ್ದೂ ಅಲ್ಲ. ಆದರೆ ಮೊದಲ ಮೆಟ್ಟಿಲು ಕಾಲಡಿಗೆ ಬಂದಿತ್ತು. ಇದನ್ನು ಸರಿಯಾಗಿ ಬಳಸಿದರೆ ಮುಂದಿನದು ಎರಡು ವರ್ಷದ್ದಾಗಬೇಕು ಎಂದು ಅದೇ ವಿಧಿ ಹೇಳುತ್ತದೆ. ಎರಡು ಪುಸ್ತಕಗಳು ಮತ್ತೆ ಒಂದೇ ಖಾನೆಯಲ್ಲಿವೆ. ಪೌರತ್ವದ ಮಾತನ್ನು ನಾನು ಮತ್ತೆ ಎತ್ತಿಲ್ಲ.

ನವೆಂಬರಿನಲ್ಲಿ ಅವಳೊಬ್ಬಳೇ ಹೊರಟಳು. ಮಗಳು ಮತ್ತೆ ಬಸುರಿ. ಈ ಸಲ ಆರಂಭದ ತಿಂಗಳುಗಳಲ್ಲಿ ತಾಯಿ ಜೊತೆಗಿರಬೇಕೆಂದು ತೀರ್ಮಾನವಾಗಿತ್ತು. ಯುರೋಪಿನ ಗಡಿಗಳಲ್ಲಿ ಅಕ್ಟೋಬರ್ 12ರಿಂದ ಹೊಸ ನೋಂದಣಿ ವ್ಯವಸ್ಥೆ ಹಂತಹಂತವಾಗಿ ಆರಂಭವಾಗಿತ್ತು. ಬಂದ ದಿನ, ಹೋದ ದಿನಗಳು ಇನ್ನು ಯಂತ್ರದಲ್ಲಿ ದಾಖಲಾಗುತ್ತವೆ, ಪಾಸ್‌ಪೋರ್ಟಿನ ಪುಟಗಳ ಮೇಲೆ ಮುದ್ರೆ ಬೀಳುವುದು ನಿಲ್ಲುತ್ತದೆ. ಬಿಸ್ಕತ್ತಿನ ಡಬ್ಬಿಯಿಂದ ತೆಗೆದು ಬರೆಯುವಂಥ ಪಟ್ಟಿ ಮುಂದಿನವರಿಗೆ ಇರಲಾರದು ಎಂದು ಅವಳಿಗೆ ಸ್ವಲ್ಪ ಬೇಸರವಾಯಿತು.

ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾವಲಿನವನು ಟಿಕೆಟು ಕೇಳಿದ. ಅವಳು ಅದನ್ನು ಅವನಿಗೆ ತೋರಿಸಿದಳು. ಆಮೇಲೆ, ನಾನು ಕೇಳದಿದ್ದರೂ, ನನ್ನ ಕಡೆಗೂ ತಿರುಗಿಸಿ ಹಿಡಿದಳು. ಎರಡನೆಯ ಸಾಲಿನಲ್ಲಿ ಹಿಂತಿರುಗುವ ದಿನಾಂಕವಿತ್ತು.

"ಹೋಗಿ ಬರುತ್ತೇನೆ" ಎಂದಳು.

"ಹೋಗಿ ಬಾ" ಎಂದೆ.